ಚಿಕ್ಕಬೀರಯ್ಯ ಕಾಣದ ಬೀದಿ

ನಮಗೆಲ್ಲ ಬಾಡೂಟ ಹೇಗೋ ಚಿಕ್ಕಬೀರಯ್ಯನಿಗೆ ಪೇಟೆ ಹಾಗೆ. ಹೆಸರು ಕೇಳಿದರೇ ಎದ್ದು ಕೂರುತ್ತಿದ್ದ. ಕಬ್ಬಾಳು ಬೆಟ್ಟದ ತಪ್ಪಲಿನ ನಮ್ಮ ಊರಿನಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಮೋಟು ಗೋಡೆ. ಆಚೆ ಅವನು ಕೆಮ್ಮಿದರೆ ಈಚೆ ನನ್ನ ಕುರಿಗಳು ಎದ್ದು ನಿಲ್ಲುತ್ತಿದ್ದವು. ಹಾಗಾಗಿ ಅವನ ವಿಷಯ ನಾನು ಹೇಳಿದರೆ ನಂಬಬಹುದು. ಮುಕ್ಕಾಲು ಪಾಲಾದರೂ ನಂಬಬಹುದು.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸು. ರೇಷ್ಮೆಗೆ ಎಲ್ಲಿಲ್ಲದ ಮರ್ಯಾದೆ ಬಂದಿದ್ದ ಕಾಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ನಡುಮನೆ ಹುಳಕ್ಕೆ, ಜಗಲಿ ಮನುಷ್ಯರಿಗೆ. ದೊಡ್ಡ ಹುಳಗಳು ಸೊಪ್ಪು ಮೇಯುವ ಸದ್ದು ಹೇಗಿರುತ್ತಿತ್ತೆಂದರೆ, ಒಂದು ರಾತ್ರಿ ನಮ್ಮ ತಾತ ಮಳೆ ಬಂತೆಂದು ಗಾಬರಿಯಾಗಿ ಅಂಗಳದಲ್ಲಿ ಒಣಹಾಕಿದ್ದ ರಾಗಿಯನ್ನೆಲ್ಲ ಒಳಗೆ ಹೊತ್ತು ತಂದುಬಿಟ್ಟ. ಬೆಳಗ್ಗೆ ನೋಡಿದರೆ ನೆಲ ಒಣಗಿ ಬಿರಿದಿತ್ತು. ನಮ್ಮ ತಾತನಿಗೆ ಕಿವಿ ಕೇಳುತ್ತಿರಲಿಲ್ಲ ಎನ್ನುವುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಬೇಕು.

ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಮೇವು ಬಿಟ್ಟು, ತಲೆ ಎತ್ತಿಕೊಂಡು ಒಂದು ದಿನ ಹಾಗೇ ನಿಂತು, ಹಳೇ ಚರ್ಮ ಕಳಚುತ್ತದೆ. ಅದಕ್ಕೆ ನಾವು ಜ್ವರ ಅನ್ನುವುದು. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಅದರ ಹಸಿವು ಹೇಳತೀರದು. ಆ ದಿನಗಳಲ್ಲಿ ಊರಿನಲ್ಲಿ ಒಂದು ಕಟ್ಟಳೆ. ಮನೆಯವರು ಹೊಸಿಲು ಬಿಟ್ಟು ದೂರ ಹೋಗುವಂತಿಲ್ಲ. ಒಬ್ಬರ ಹುಳದ ಮನೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ, ರೋಗ ತಗಲುತ್ತದೆ. ಮದುವೆಯಾಗಲಿ, ಸಾವಾಗಲಿ, ಬೇಲಿಯಾಚೆ ನಿಂತೇ ಮಾತು. ಊರಿನವರೆಲ್ಲ ಒಂದೇ ವಾರದಲ್ಲಿ ಮೊಟ್ಟೆ ತಂದು ಒಂದೇ ವಾರದಲ್ಲಿ ಗೂಡು ಬಿಡಿಸುತ್ತಿದ್ದೆವು. ಆಮೇಲೆ ಒಂದು ಲಾರಿ ಮಾಡಿಕೊಂಡು ಕೋಳಿ ಕೂಗುವ ಮುಂಚೆ ಹೊರಟು, ರಾಮನಗರದ ಮಾರ್ಕೆಟ್ಟಿನಲ್ಲಿ ಹರಾಜು ಮುಗಿಸಿ ಮಧ್ಯಾಹ್ನದೊಳಗೆ ಮನೆ ಸೇರುತ್ತಿದ್ದೆವು.

ಚಿಕ್ಕಬೀರಯ್ಯ ಮಾತ್ರ ಬೇಕೆಂದೇ ಹತ್ತು ದಿನ ಮುಂಚೆ ಮೊಟ್ಟೆ ತರುತ್ತಿದ್ದ. ಊರಿನ ಲಾರಿಯಲ್ಲಿ ಹೋದರೆ ಊರಿನ ಲಾರಿಯಲ್ಲೇ ವಾಪಸ್ಸು ಬರಬೇಕಲ್ಲ, ಅದು ಅವನಿಗೆ ಆಗದು. ಅವನ ಗೂಡು ಮೊದಲು ಬಿಡಿಸಿ, ಅವನೊಬ್ಬನೇ ಹಿಂದಿನ ದಿನದ ಸಂಜೆ ಬಸ್ಸಿಗೆ ಮೂಟೆ ಏರಿಸಿಕೊಂಡು ಹೊರಟುಬಿಡುತ್ತಿದ್ದ. ಮಾರ್ಕೆಟ್ಟಿನಲ್ಲಿ ಪಕ್ಕದ ರೈತನಿಗೆ "ಒಸಿ ನೋಡ್ಕಳಣ್ಣ" ಎಂದು ಹೇಳಿ, ರಾಮನಗರದ ಗಲ್ಲಿಗಳಿಗೆ ಇಳಿಯುತ್ತಿದ್ದ. ಗೂಡು ಮಾರಿದ ಮೇಲೂ ಒಂದೆರಡು ದಿನ ನಾಪತ್ತೆ. ಚನ್ನಪಟ್ಟಣ, ಕನಕಪುರ, ಮಾಗಡಿ, ಒಮ್ಮೊಮ್ಮೆ ಬೆಂಗಳೂರಿನ ಬಳೇಪೇಟೆ, ಕಾಟನ್‌ಪೇಟೆ. ಕೊಳ್ಳುವುದು ಏನೂ ಇಲ್ಲ, ಕೆಲಸವೂ ಇಲ್ಲ. ನಡೆಯುವುದು, ನೋಡುವುದು.

ಅದಕ್ಕೂ ಅವನದೊಂದು ಶಾಸ್ತ್ರವಿತ್ತು, ನನಗೆ ಆಗಾಗ ಹೇಳುತ್ತಿದ್ದ.

"ಲೇ ಹೊನ್ನ, ಪೇಟೆನ ಬಸ್ ಸ್ಟ್ಯಾಂಡ್ ಕಡೆಯಿಂದ ನೋಡ್ಬಾರ್ದು ಕಣ್ಲಾ. ಒಂದ್ ಸ್ಟಾಪ್ ಮುಂಚೆ ಇಳ್ದು ಹಿತ್ಲು ಕಡೆಯಿಂದ ನಡ್ಕಂಡ್ ಹೋಗ್ಬೇಕು. ಆವಾಗ ಅದು ಇನ್ನೂ ತಲೆ ಬಾಚ್ಕಂಡಿರಕ್ಕಿಲ್ಲ. ಇರಾದು ಇದ್ದಂಗೆ ಕಾಣ್ತದೆ."

ಮಾಗಡಿ ಏಳು ಗಂಟೆಗೆ ಹೊದ್ದು ಮಲಗುವ ಪೇಟೆ, ಕನಕಪುರ ಸಂತೆಯ ದಿನ ಮಾತ್ರ ಎದ್ದಿರುವ ಪೇಟೆ, ರಾಮನಗರಕ್ಕೆ ನಿದ್ದೆಯೇ ಇಲ್ಲ ಎನ್ನುತ್ತಿದ್ದ. ನೂಲು ಬಿಚ್ಚಲು ಗೂಡು ಬೇಯಿಸುವ ಹಬೆ ಗಲ್ಲಿಯಲ್ಲಿ ಎಷ್ಟು ದಟ್ಟವಾಗಿರುತ್ತದೆಂದರೆ ಬೀದಿದೀಪವನ್ನು ಕೈಯಲ್ಲಿ ತಡವಿ ಹುಡುಕಬೇಕಂತೆ. ಎರಡನೇ ಆಟ ಸಿನಿಮಾ ಬಿಟ್ಟ ಮೇಲೆ ಚಹಾ ಹೋಟೆಲಿಗೆ ಜನ ಬರುತ್ತಾರಂತೆ. ಅಲ್ಲಿ ಮಹಡಿಯ ಮೇಲೆ ನಿಂತು ಚಹಾ ಸುರಿದರೆ ಕೆಳಗಿನ ಗ್ಲಾಸಿಗೆ ಒಂದು ಹನಿ ಆಚೆ ಹೋಗದೆ ಬೀಳುತ್ತದಂತೆ. ಮಾರ್ಕೆಟ್ಟಿನ ಪಕ್ಕ ಏಳಂತಸ್ತಿನ ಗಡಿಯಾರದ ಗೋಪುರ, ಅದರ ಗಂಟೆ ಹೊಡೆದೊಡನೆ ಊರಿನ ಚರಕಗಳೆಲ್ಲ ಒಟ್ಟಿಗೆ ತಿರುಗಲು ಶುರುವಾಗುತ್ತವಂತೆ. ಇದನ್ನೆಲ್ಲ ಅವನು ಸಂಜೆ ಜಗಲಿಯ ಮೇಲೆ ಕೂತು ಹೇಳಿದರೆ ಅರ್ಧ ಊರು ಅಂಗಳದಲ್ಲಿ. ಬೆಂಗಳೂರಿನಲ್ಲಿ ಒಂದು ಮಿಷಿನ್ನಿಗೆ ಕಾಸು ಹಾಕಿದರೆ ನಿನ್ನ ತೂಕವನ್ನೂ ಹಣೆಬರಹವನ್ನೂ ಒಂದೇ ಚೀಟಿಯಲ್ಲಿ ಕೊಡುತ್ತದೆ ಎಂದಾಗ ಮಾತ್ರ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದೊಂದೇ ನಿಜ.

ಈ ಕತೆಗಳನ್ನು ಒಂದನ್ನೂ ಬಿಡದೆ ನಂಬಿದವಳು ಅವನ ಹೆಂಡತಿ ತಿಮ್ಮಮ್ಮ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಸಾತನೂರು ದಾಟಿರಲಿಲ್ಲ. ಹುಳ ಬಿಟ್ಟು ಹೋಗುವುದು ಹೇಗೆ? ಒಂದು ಬೆಳೆ ಮುಗಿದರೆ ತಟ್ಟೆ ತೊಳೆದು, ಸುಣ್ಣ ಬಳಿದು, ಮುಂದಿನ ಮೊಟ್ಟೆಗೆ ಮನೆ ಸಿದ್ಧ ಮಾಡಬೇಕು. ಅವನು ತಿರುಗುತ್ತಿದ್ದ, ಅವಳು ಕೇಳುತ್ತಿದ್ದಳು. ಅವಳ ಪೇಟೆ ಎಂದರೆ ಅವನ ಬಾಯಿ.

ಆ ಸಲ ಗೂಡು ಬಿಡಿಸಿದ ದಿನವೇ ಚಿಕ್ಕಬೀರಯ್ಯ ಕಾಲು ಮುರಿದುಕೊಂಡ. ಬೆಂಗಳೂರಿನ ಟ್ರಾಫಿಕ್ಕಿನ ನಡುವೆ ಕಣ್ಣು ಮುಚ್ಚಿ ರಸ್ತೆ ದಾಟುತ್ತೇನೆ ಎನ್ನುತ್ತಿದ್ದವನು, ತನ್ನದೇ ಜಗಲಿಯಿಂದ ಇಳಿಯುವಾಗ ಬಿದ್ದ. ನಾಟಿ ವೈದ್ಯ ಬಂದು ಬಿದಿರು ದಬ್ಬೆ ಕಟ್ಟಿ, "ತಿಂಗ್ಳು ಅಲ್ಲಾಡ್ಬ್ಯಾಡ" ಎಂದು ಹೋದ. ಈ ಗಲಾಟೆಯಲ್ಲಿ ಎರಡು ದಿನ ಕಳೆಯಿತು. ಗೂಡು ಮಾತ್ರ ಯಾರ ಕಾಲಿಗೂ ಕಾಯುವುದಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟಿದ ಹತ್ತನ್ನೆರಡು ದಿನಕ್ಕೆ ಒಳಗಿನದು ಚಿಟ್ಟೆಯಾಗಿ ತೂತು ಕೊರೆದು ಹೊರಬರುತ್ತದೆ. ತೂತಾದ ಗೂಡಿನಲ್ಲಿ ನೂಲು ಬಿಚ್ಚಲು ಬರುವುದಿಲ್ಲ. ತಿಮ್ಮಮ್ಮನ ಒಂದು ತಿಂಗಳ ನಿದ್ದೆಗೇಡು ಹತ್ತಿಯ ಹಾಗೆ ಗಾಳಿಗೆ. ಆಗಲೇ ಎಂಟನೇ ದಿನ.

ಕಳಿಸಲು ಊರಿನಲ್ಲಿ ಯಾರಿದ್ದಾರೆ? ಎಲ್ಲರ ಮನೆಯಲ್ಲೂ ಹುಳ ನಾಲ್ಕನೇ ಜ್ವರ ಎದ್ದು ಹೊಟ್ಟೆ ಹೊಟ್ಟೆ ಎನ್ನುತ್ತಿದೆ. ನನ್ನದೂ ಅದೇ ಪಾಡು. ಇವನೊಬ್ಬನೇ ಹತ್ತು ದಿನ ಮುಂಚೆ ಓಡಿದ್ದಕ್ಕೆ ಇವನಿಗೆ ಜೊತೆ ಇಲ್ಲ.

"ನಾನೇ ಹೋಯ್ತೀನಿ," ಎಂದಳು ತಿಮ್ಮಮ್ಮ.

ನಾನು ಮೋಟು ಗೋಡೆಯ ಈಚೆ ನಿಂತಿದ್ದೆ. ಅವಳು ಜಗಲಿಯ ಮೇಲೆ ಗೂಡನ್ನು ಚೀಲಕ್ಕೆ ತುಂಬುತ್ತಾ ದಾರಿ ಒಪ್ಪಿಸುತ್ತಿದ್ದಳು.

"ಚನ್ನಪಟ್ಣದಲ್ಲಿ ಬಸ್ ಬದಲಾಯಿಸ್ಬೇಕು. ರಾಮನಗರದಾಗೆ ಇಳ್ದು, ಗಡಿಯಾರದ ಗೋಪುರ ನೋಡ್ಕಂಡ್ ನಡೀಬೇಕು. ಗೋಪುರದ ಎಡಕ್ಕೆ ಮಾರ್ಕೆಟ್ಟು. ಸರಿನಾ?"

ಚಿಕ್ಕಬೀರಯ್ಯ ನನ್ನ ಕಡೆ ನೋಡಿದ. ನಾನು ನನ್ನ ಕುರಿಯ ಕಡೆ ನೋಡಿದೆ.

"ತಿಮ್ಮಿ... ಗೋಪುರ ಇಲ್ಲ."

"ಇಲ್ಲ ಅಂದ್ರೆ? ಬಿದ್ದೋಯ್ತಾ?"

"ಕಟ್ಟೇ ಇಲ್ಲ ಕಣೆ."

ಅವಳು ಒಂದು ಚೀಲದ ಬಾಯಿ ಕಟ್ಟಿದಳು. "ಮಹಡಿಯಿಂದ ಚಾ ಸುರಿಯಾದು?"

"ಕೈಯೆತ್ತಿ ಸುರಿತಾನೆ. ಒಂದ್ ಮೊಳ. ನಾನು ಒಸಿ ಎತ್ರ ಮಾಡ್ದೆ."

"ಚನ್ನಪಟ್ಣದ ಮರದ ಕುದ್ರೆಗಳು? ರಾತ್ರಿ ಹುಲ್ಲಾಕಿದ್ರೆ ಬೆಳಗ್ಗೆಗೆ ಇರಕ್ಕಿಲ್ಲ ಅಂದಿದ್ದು?"

"ಕುದ್ರೆ ಐತೆ. ಅರಗಿನ ಬಣ್ಣ ಹಾಕಿರ ಬೊಂಬೆ. ಹುಲ್ಲು... ಹುಲ್ಲು ನಾನಾಕ್ದೆ."

ಅವಳ ಕೈ ನಿಂತಿತು. ಗೋಪುರ ಹೋದದ್ದಕ್ಕೆ ಅವಳು ಅಷ್ಟು ಬೇಸರ ಮಾಡಿರಲಿಲ್ಲ. ನಡುರಾತ್ರಿ ಎದ್ದು ಹುಳಕ್ಕೆ ಸೊಪ್ಪು ಹಾಕುವಾಗ ನಿದ್ದೆ ಬರಬಾರದೆಂದು ಆ ಕುದುರೆಗಳನ್ನೇ ನೆನೆಸಿಕೊಳ್ಳುತ್ತಿದ್ದಳಂತೆ. ಕೆಂಪು ಕುದುರೆ ಮೊದಲು ತಿನ್ನುತ್ತದೋ, ಹಳದಿಯದೋ ಎಂದು. ಆ ಮಾತು ಅವಳು ನನ್ನ ಎದುರಿಗೇ ಹೇಳಿದಳು, ಅವನಿಗೆ ಕೇಳಲಿ ಎಂದು.

"ಹನ್ನೊಂದೊರ್ಸ ನನ್ನ ಮುಂದೆ ಬರೀ ಎಲೆ ಹಾಸಿ ಉಣ್ಣು ಉಣ್ಣು ಅಂದ್ಯಲ್ಲ," ಎಂದಳು.

"ಬಯ್ಯೋದಾದ್ರೆ ಬಂದ್ಮೇಲೆ ಬೈ. ಇದೊಂದ್ ಮಾತು ಕೇಳು, ಇದು ನಿಜ. ಇವತ್ತು ಸಂಜೆ ಬಸ್ಸಿಗೇ ಹೊರಡು. ಹರಾಜು ಬೆಳಗ್ಗೆನೇ ಆಗೋಯ್ತದೆ. ಹಿಂದಿನ್ ರಾತ್ರಿನೇ ಹೋಗಿ ಗೂಡಿನ ಪಕ್ಕ ಮಲಗ್ಬೇಕು."

"ಊರೋರು ಯಾರ್ ಮಲಗ್ತಾರೆ ಅಲ್ಲಿ? ಬೆಳಗ್ಗೆ ಹೋಯ್ತಾರೆ, ಮಧ್ಯಾಹ್ನ ಬತ್ತಾರೆ. ರಾತ್ರಿ ಬೀದಿ ಸುತ್ತಕ್ಕೆ ನೀ ಮಾಡ್ಕಂಡಿರ ಕತೆ ಅದು."

"ಅವರು ಲಾರಿಲಿ ಹೋಯ್ತಾರೆ ಕಣೆ! ಬೆಳಗಿನ ಬಸ್ಸು ಸಾತನೂರು ಸುತ್ಕಂಡು ಚನ್ನಪಟ್ಣ ಮುಟ್ಟಾದೇ ಹತ್ತು ಗಂಟೆಗೆ. ಹೊನ್ನ, ನೀನಾರಾ ಹೇಳ್ಲಾ!"

"ನಿಜ ತಿಮ್ಮಕ್ಕ," ಎಂದೆ ನಾನು.

"ನೀನಾ? ಕುದ್ರೆ ಕತೆಗೆ ಹೂಂ ಹೂಂ ಅಂತ ತಲೆ ಆಡಿಸ್ತಿದ್ದೋನು ನೀನೇ ಅಲ್ವಾ ಹೊನ್ನಣ್ಣ?"

ತಿಮ್ಮಮ್ಮ ನಮ್ಮಿಬ್ಬರ ಮಾತೂ ಕೇಳಲಿಲ್ಲ. ಮರುದಿನ ಬೆಳಗಿನ ಬಸ್ಸಿಗೇ ಹೊರಟಳು. ಮೂಟೆಗಳನ್ನು ಬಸ್ಸಿನ ಮೇಲೆ ಹಾಕಿದವನು ನಾನೇ. ಕಿಟಕಿಯ ಬಳಿ ಕೂತವಳು ಮನೆಯ ಕಡೆ ತಿರುಗಿ ನೋಡಲಿಲ್ಲ.

ಸಂಜೆ ಐದರ ಬಸ್ಸಿನಲ್ಲಿ ಅವಳಿಲ್ಲ. ಕೊನೇ ಬಸ್ಸಿನಲ್ಲೂ ಇಲ್ಲ.

ಚಿಕ್ಕಬೀರಯ್ಯ ಕಾಲು ಚಾಚಿಕೊಂಡು ಜಗಲಿಯ ಕಂಬಕ್ಕೆ ಒರಗಿದ್ದ. ನಾನು ಆಗಾಗ ಎದ್ದು ನನ್ನ ಹುಳಕ್ಕೆ ಸೊಪ್ಪು ಹಾಕಿ ಬಂದು ಗೋಡೆಯ ಬಳಿ ನಿಲ್ಲುತ್ತಿದ್ದೆ.

"ಚಿಟ್ಟೆ ಬಂದ್ರೆ ಬರ್ಲಿ ಕಣ್ಲಾ," ಎಂದ ಒಮ್ಮೆ. "ನಾ ಹೇಳಿದ್ ನಿಜಾನೂ ಅವಳು ನಂಬದಂಗೆ ಮಾಡ್ಕಂಬುಟ್ನಲ್ಲ. ಎಲ್ಲವ್ಳೋ. ಯಾರ್ನ ಕೇಳ್ತಾವ್ಳೋ."

"ಬಾಯೈತೆ, ಕೇಳ್ತಾಳೆ ಬುಡು."

"ಹೂಂ. ನನ್ನೊಬ್ಬನ್ ಬುಟ್ಟು ಯಾರ್ನ ಕೇಳಿದ್ರೂ ಸರಿ ಹೇಳ್ತಾರೆ."

ನಗಿಸಲು ಹೇಳಿದನೋ, ಅಳಲಾರದೆ ಹೇಳಿದನೋ ತಿಳಿಯಲಿಲ್ಲ. ಕತ್ತಲಲ್ಲಿ ಮುಖ ಕಾಣುತ್ತಿರಲಿಲ್ಲ.

ಮರುದಿನ ಮೂರು ಗಂಟೆಯ ಬಸ್ಸಿಗೆ ತಿಮ್ಮಮ್ಮ ಇಳಿದಳು. ಖಾಲಿ ಚೀಲಗಳು ಕಂಕುಳಲ್ಲಿದ್ದವು. ಜಗಲಿಯ ಅಂಚಿಗೆ ಕೂತು ಒಂದು ಚೊಂಬು ನೀರು ಕುಡಿದಳು. ಆಮೇಲೆ ಗಂಡನಿಗೆ, "ಹರಾಜಿನ ಮಾತೊಂದು ನಿಜ ಹೇಳಿದ್ದೆ," ಎಂದಳು. ಅಷ್ಟಕ್ಕೇ ಅವನು ಕಣ್ಣೊರೆಸಿಕೊಂಡ.

ಆದದ್ದು ಇಷ್ಟು. ಅವಳು ಮಾರ್ಕೆಟ್ಟು ಮುಟ್ಟುವ ಹೊತ್ತಿಗೆ ನೆಲ ಗುಡಿಸುತ್ತಿದ್ದರು. ಕಾವಲಿನ ಪೀರ್ ಸಾಬ್ ಎಂಬ ಮುದುಕ, "ಇವತ್ತಿಂದು ಮುಗೀತಮ್ಮಾ. ನಾಳೆ ಬಾ," ಎಂದ. ಇವಳು ಎರಡು ಮೂಟೆಯ ನಡುವೆ ಕೂತು, ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದಳು. ಒಳಗಿನದು ಇನ್ನೂ ಲೊಟಲೊಟ ಎನ್ನುತ್ತಿತ್ತು. ನಾಳೆಯವರೆಗೆ ತಡೆದೀತು, ನಾಡಿದ್ದಿಗೆ ಹೇಳಲಾಗದು. ಗಂಡನಿಗೆ ಬುತ್ತಿ ತಂದಿದ್ದ ರೋಶನ್ ಬೀ ಎನ್ನುವ ಹೆಂಗಸು ಇದನ್ನೇ ನೋಡುತ್ತಾ ನಿಂತಿದ್ದಳು. ಅವಳ ಗಂಡ ಶುಕೂರ್ ಚರಕ ಇಟ್ಟುಕೊಂಡು ನೂಲು ಬಿಚ್ಚಿಸುವವನು.

"ಗಂಡಸ್ರು ಯಾರೂ ಬರ್ಲಿಲ್ವಾ ಅಕ್ಕಾ?"

"ಒಬ್ಬವ್ನೆ. ಕಾಲ್ ಮುರ್ಕಂಡ್ ಕೂತವ್ನೆ."

"ಇಲ್ಲಿ ರಾತ್ರಿ ಬರೀ ಗಂಡಸ್ರು ಮಲ್ಗೋದು. ಬಾ ನಮ್ ಮನೇಗೆ. ಗೂಡು ಹರಡಿ ಬಾ, ಪೀರ್ ಚಾಚಾ ನೋಡ್ಕೊಂತಾರೆ. ಮೂಟೇಲೇ ಇಟ್ರೆ ಕಾವು ಬರುತ್ತೆ."

ಪೀರ್ ಸಾಬ್ ತಾನೇ ಬಂದು ಗೂಡು ಹರಡಿಕೊಟ್ಟ. ತಿಮ್ಮಮ್ಮ ಹೋದಳು. ಗೂಡು ಬೇಯಿಸುವ ವಾಸನೆಯ ಒಂದು ಗಲ್ಲಿ. ನಮ್ಮ ಚಿಕ್ಕಬೀರಯ್ಯ ಇನ್ನೂರು ಸಲ ನಡೆದಾಡಿದ್ದ ಗಲ್ಲಿಯೇ ಅದು. ಬಾಗಿಲು ದಾಟಿದರೆ ಕುದಿಯುವ ನೀರಿನ ಬಾನಿಗಳು. ಹೆಂಗಸರ ಬೆರಳುಗಳು ಬಿಸಿನೀರಿನಲ್ಲಿ ಬಿಳುಚಿ ಸುಕ್ಕುಗಟ್ಟಿದ್ದವು. ರೋಶನ್ ಬೀ ಬಾನಿಯಿಂದ ಒಂದು ಎಳೆ ಎತ್ತಿ ತಿಮ್ಮಮ್ಮನ ಬೆರಳಿಗೆ ಸುತ್ತಿದಳು. ಹಗುರ ಎಂದರೆ ಇದೆಯೋ ಇಲ್ಲವೋ ಎನ್ನುವಷ್ಟು. ಹನ್ನೊಂದು ವರ್ಷ ಹುಳ ಸಾಕಿದವಳು, ಅದರ ನೂಲು ಮುಟ್ಟಿದ್ದು ಅವತ್ತೇ ಮೊದಲು.

"ನಾವು ಗೂಡು ಮುಟ್ಟಿದ್ದೀವಿ ಅಷ್ಟೇ ಅಕ್ಕಾ. ಹುಳ ಹೆಂಗಿರುತ್ತೆ, ಕಚ್ಚುತ್ತಾ?" ಎಂದು ಕೇಳಿದಳಂತೆ ರೋಶನ್ ಬೀ. ಇಬ್ಬರೂ ನಕ್ಕರಂತೆ.

ಸಂಜೆ ಒಲೆಗಳು ಆರಿದ ಮೇಲೆ, ನಮಾಜು ಮುಗಿದ ಮೇಲೆ, ರೋಶನ್ ಬೀ ಅವಳನ್ನು ಹಿಂದಿನ ಮೆಟ್ಟಿಲಿನಿಂದ ತಾರಸಿಗೆ ಕರೆದೊಯ್ದಳು. ಗಲ್ಲಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಟದ ಕಡೆ ಒಂದು ಹಲಗೆ ಹಾಕಿತ್ತು. ಒಂದು ತಾರಸಿಯಿಂದ ಇನ್ನೊಂದಕ್ಕೆ ದಾಟಿಕೊಂಡು ಹೆಂಗಸರು ಓಡಾಡುತ್ತಿದ್ದರು. ತಾಹೇರಾ ಎಂಬುವಳ ತಾರಸಿಯಲ್ಲಿ ಚಹಾ. ಅದರಾಚೆ ಬಿಸ್ಮಿಲ್ಲಾ ಎಂಬ ಮುದುಕಿ ಲಾಂದ್ರದ ಬೆಳಕಿನಲ್ಲಿ ಬಳೆ ತೊಡಿಸುತ್ತಿದ್ದಳು. ಇನ್ನೊಂದರಲ್ಲಿ ಮದುವೆ ಹುಡುಗಿಯ ಕೈಗೆ ಮೆಹಂದಿ, ಮತ್ತೊಂದರಲ್ಲಿ ರೇಡಿಯೋ. ಕೆಳಗೆ ಗಂಡಸರ ರಾತ್ರಿ, ಹೋಟೆಲು, ಬೀಡಿ, ಸಿನಿಮಾದ ಮಾತು. ಮೇಲೆ ಹೆಂಗಸರ ರಾತ್ರಿ. ಕೊನೆಯ ತಾರಸಿಯ ಮೋಟು ಗೋಡೆಗೆ ಒರಗಿ ನಿಂತರೆ ಬೆಳದಿಂಗಳಲ್ಲಿ ಬೆಟ್ಟದ ಬಂಡೆಗಳು, ಎರಡನೇ ಆಟಕ್ಕೆ ನಿಂತ ಸಾಲು, ರೈಲಿನ ದೀಪ.

ಬೆಳಗ್ಗೆ ಹರಾಜಿನಲ್ಲಿ ಗೂಡು ಹಿಡಿದವನು ಶುಕೂರನೇ. "ಇವತ್ತೇ ಬೇಯಿಸ್ಬೇಕು, ನಾಳೆ ಆದ್ರೆ ಹಾರೋಗ್ತಾವೆ," ಎಂದು ಹಾಗೇ ಮನೆಗೆ ಹೊರಿಸಿದನಂತೆ.

ನಾಲ್ಕು ದಿನದ ಮೇಲೆ, ಊರಿನ ಹುಳಗಳೂ ಗೂಡು ಕಟ್ಟಿ ಕಟ್ಟಳೆ ಮುಗಿದ ಮೇಲೆ, ತಿಮ್ಮಮ್ಮ ಇದನ್ನು ಹೇಳಿದಾಗ ಅಂಗಳದಲ್ಲಿ ಊರು ಸೇರಿತ್ತು. ಬೆಳೆ ಉಳಿದದ್ದಕ್ಕೆ ಎಲ್ಲರಿಗೂ ಸಂತೋಷವೇ. ತಾರಸಿಯ ಮಾತು ಬಂದಾಗ ಮಾತ್ರ ಕಿಸಕ್ಕೆಂದರು. ಎದುರು ಮನೆಯ ಸರಸಮ್ಮ ಬಾಯಿಗೆ ಸೆರಗು ಹಿಡಿದಳು.

"ಮನೆ ಮ್ಯಾಲೆ ಬೀದಿಯಂತೆ! ಗಂಡನ ಜ್ವರ ಹೆಂಡ್ತಿಗೂ ಬಂತು ನೋಡ್ರಪ್ಪ. ಕುದ್ರೆಗಿಂತ ಇದೇ ಚೆಂದಾಗೈತೆ ಬುಡು ತಿಮ್ಮಕ್ಕ."

"ನಾನು ಕಣ್ಣಾರೆ ಕಂಡೆ ಕಣೆ!"

"ಇದು ನಿಜ," ಎಂದು ಚಿಕ್ಕಬೀರಯ್ಯ ಕೂಗಿದ. "ಕಬ್ಬಾಳಮ್ಮನಾಣೆ ನಿಜ!"

ಅಷ್ಟು ಹೊತ್ತು ಕಿಸಕ್ಕೆನ್ನುತ್ತಿದ್ದವರು ಈಗ ಹೊಟ್ಟೆ ಹಿಡಿದುಕೊಂಡು ನಕ್ಕರು. ತಿಮ್ಮಮ್ಮ ಎದ್ದು ಒಳಗೆ ಹೋದಳು. ಆಮೇಲೆ ಯಾರು ಕೇಳಿದರೂ ಆ ಮಾತೆತ್ತಲಿಲ್ಲ. ತನ್ನ ಕಣ್ಣಿಂದ ನೋಡಿದ ಒಂದೇ ಒಂದು ಪೇಟೆ, ಅದೂ ಗಂಡನ ಸುಳ್ಳುಗಳ ರಾಶಿಗೆ ಸೇರಿಹೋಯಿತು. ಅದು ಅವನನ್ನು ಕಾಲುನೋವಿಗಿಂತ ಹೆಚ್ಚು ತಿಂದಿತು.

ದಬ್ಬೆ ಬಿಚ್ಚಿ, ಕೋಲು ಹಿಡಿದು ನಡೆಯುವಂತಾದ ಮೇಲೆ, ಹೊಸ ಹುಳ ಎರಡನೇ ಜ್ವರದಲ್ಲಿದ್ದಾಗ ಅವನು ಬರಿಗೈಯಲ್ಲಿ ರಾಮನಗರಕ್ಕೆ ಹೋದ. ಊರಿಗೆಲ್ಲ ಗೊತ್ತಾಯಿತು. ಮರುದಿನ ಸಂಜೆ ಅವನು ಬರುವ ಮುಂಚೆಯೇ ಅಂಗಳ ತುಂಬಿತ್ತು. ಹುಳದ ಮನೆಯ ಬಾಗಿಲಲ್ಲಿ ತಿಮ್ಮಮ್ಮ ಸೊಪ್ಪು ಹೆಚ್ಚುತ್ತಾ ಕೂತಿದ್ದಳು, ಕಿವಿಯೆಲ್ಲ ಇತ್ತ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕಂಡೆ ಎಂದರೆ ಯಾರೂ ನಂಬುವುದಿಲ್ಲ. ಕಾಣಲಿಲ್ಲ ಎಂದರೆ ಹೆಂಡತಿ ಸುಳ್ಳಿಯಾಗುತ್ತಾಳೆ. ಇವನ ಜಾಗದಲ್ಲಿ ನಾನಿದ್ದಿದ್ದರೆ ಅಲ್ಲಿ ಆನೆಯೂ ಹಲಗೆ ದಾಟಿತು ಎಂದುಬಿಡುತ್ತಿದ್ದೆ.

"ಏನಣ್ಣ, ಕಂಡ್ಯಾ?" ಎಂದಳು ಸರಸಮ್ಮ.

ಅವನು ಕೋಲನ್ನು ಗೋಡೆಗೆ ಒರಗಿಸಿದ. "ಇಲ್ಲ."

"ಇಲ್ವಾ?"

"ಶುಕೂರ್ ಮನೆ ಮುಂದೆ ನಿಂತ್ಕಂಡು ಮ್ಯಾಲೆ ನೋಡ್ದೆ. ಕೆಳಗಿಂದ ಬರೀ ಗೋಡೆ ಕಾಣ್ತದೆ. ಬಳೆ ಸದ್ದು ಬತ್ತಿತ್ತು, ನಗಾಡದು ಬತ್ತಿತ್ತು. ಹನ್ನೊಂದೊರ್ಸ ಅದೇ ಸದ್ದು ಕೇಳಿವ್ನಿ, ಯಾರ್ದೋ ಮನೆ ರೇಡಿಯೋ ಅನ್ಕಂಡಿದ್ದೆ. ಅಷ್ಟೊತ್ಗೆ ಎದುರು ಮನೆ ರಸೂಲ್ ಸಾಬ್ರು ಆಚೆ ಬಂದು, 'ಏನಯ್ಯಾ, ಹೆಣ್ಮಕ್ಳಿರೋ ಕಡೆ ಬಾಯಿ ಬಿಟ್ಕಂಡ್ ನೋಡ್ತೀಯ, ವಯಸ್ಸಾಗಿಲ್ವಾ?' ಅಂದ್ರು. ತಲೆ ತಗ್ಗಿಸ್ಕಂಡ್ ಬಂದ್ಬುಟ್ಟೆ. ನಂಗೆ ಅಲ್ಲಿಗ್ ಹತ್ತಕ್ಕಾಗಕಿಲ್ಲ. ಅವಳು ಹತ್ತವ್ಳೆ. ನಾನು ಕಂಡಿಲ್ಲ."

ಯಾರೂ ನಗಲಿಲ್ಲ. ಚಿಕ್ಕಬೀರಯ್ಯ ಪೇಟೆಗೆ ಹೋಗಿ ಏನನ್ನೂ ನೋಡದೆ, ಬೈಸಿಕೊಂಡು ಬಂದೆ ಎಂದು ಹೇಳಿದ್ದನ್ನು ಆ ಅಂಗಳದಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಸರಸಮ್ಮ ಪಕ್ಕದ ಹೆಂಗಸರ ಕಡೆ ತಿರುಗಿದಳು.

"ಇವನೇ ಕಾಣ್ಲಿಲ್ಲ ಅಂದ್ಮ್ಯಾಗೆ," ಎಂದಳು ಮೆಲ್ಲಗೆ, "ಇದ್ರೂ ಇರ್ಬೈದು ಕಣ್ರೇ." ಮತ್ತೆ ಬಾಗಿಲ ಕಡೆಗೆ ತಿರುಗಿ, "ತಿಮ್ಮಕ್ಕ, ಆ ಹಲಗೆ ಎಷ್ಟಗಲ ಇತ್ತು? ದಾಟುವಾಗ ಭಯ ಆಗ್ಲಿಲ್ವಾ?"

ತಿಮ್ಮಮ್ಮ ಕುಡುಗೋಲು ಕೆಳಗಿಟ್ಟಳು. ಹೇಳಲೋ ಬೇಡವೋ ಎಂದು ಒಂದು ಗಳಿಗೆ. ಹುಳಕ್ಕೆ ಹಾಕುವ ಹೊತ್ತೂ ಆಗಿತ್ತು, ಹೆಚ್ಚಿದ ಸೊಪ್ಪು ಕುಕ್ಕೆಯಲ್ಲಿತ್ತು.

"ಕೂತ್ಕ, ಹೇಳು," ಎಂದು ಚಿಕ್ಕಬೀರಯ್ಯ ಕುಕ್ಕೆ ಎತ್ತಿಕೊಂಡು, ಕುಂಟುತ್ತಾ ತಾನೇ ಒಳಗೆ ಹೋದ. ಬಾಗಿಲನ್ನು ಮಾತ್ರ ಪೂರಾ ಮುಚ್ಚಲಿಲ್ಲ, ಅವಳ ಮಾತು ಕೇಳಿಸುವಷ್ಟು ಸಂದಿ ಬಿಟ್ಟುಕೊಂಡ.